ಚೀಲದ ನಡುವಿನಿಂದ ಒಂದು ಹಿಡಿ ಪುಸ್ತಕ

ಸಿರುಗುಪ್ಪದ ದಲಾಲಿ ಅಂಗಡಿಯೊಂದರಲ್ಲಿ ಜೀವಮಾನವಿಡೀ ಭತ್ತದ ಕಾಳು ಕಡಿದು ನೋಡುವ ಕೆಲಸ ಮಾಡಿದವನು ನಮ್ಮ ಮರಿಬಸಪ್ಪ. ರೈತರು ತಂದು ಒಟ್ಟಿದ ಚೀಲಕ್ಕೆ ಮೊನೆ ಚೂಪಾದ ಕಬ್ಬಿಣದ ಕೊಳವೆ ಚುಚ್ಚಿ, ಅಂಗೈಗೆ ಒಂದು ಹಿಡಿ ಸುರಿದುಕೊಂಡು, ಉಜ್ಜಿ, ಊದಿ, ಒಂದು ಕಾಳನ್ನು ಮುಂಬಲ್ಲಿಗೆ ಕೊಟ್ಟು ಕಟಕ್ಕನೆ ಕಡಿದರೆ ಮುಗಿಯಿತು. ತೇವ ಎಷ್ಟಿದೆ, ಅಕ್ಕಿ ಎಷ್ಟು ಇಳಿಯುತ್ತದೆ, ನುಚ್ಚು ಎಷ್ಟು ಬೀಳುತ್ತದೆ ಎಂದು ಹೇಳಿಬಿಡುತ್ತಿದ್ದ. ಅಷ್ಟೇ ಅಲ್ಲ, ನಾಟಿ ಹಾಕಿದ ದಿನ ಆ ರೈತನ ಮನೆಯಲ್ಲಿ ಅತ್ತೆ ಸೊಸೆ ಮಾತಾಡುತ್ತಿದ್ದರೋ ಇಲ್ಲವೋ ಎಂಬುದನ್ನೂ ಹೇಳುತ್ತಿದ್ದ ಎಂದು ಅಂಗಡಿಯವರು ಆಣೆ ಮಾಡುತ್ತಾರೆ. ಒಮ್ಮೆ ಆಂಧ್ರದ ಗಡಿ ದಾಟಿ ಬಂದ ಕಾಳೊಂದನ್ನು ಕಡಿದು “ಇದು ತೆಲುಗು ಮಾತಾಡ್ತೈತಿ” ಎಂದು ವಾಪಸು ಕಳಿಸಿದ್ದನಂತೆ. ಇದನ್ನು ಮಾತ್ರ ನಾನು ನಂಬುವುದಿಲ್ಲ. ಸಿರುಗುಪ್ಪದಲ್ಲಿ ತೆಲುಗು ಬಾರದ ಕಾಳು ಹುಡುಕಿದರೂ ಸಿಗದು.

ಇಷ್ಟೆಲ್ಲ ಇದ್ದೂ ಅವನಿಗೊಂದು ಕೊರಗಿತ್ತು. ಅವನು ಪಾಸು ಮಾಡಿದ ಚೀಲಗಳನ್ನು ಒಂದರ ಮೇಲೊಂದು ಒಟ್ಟಿದ್ದರೆ ಬಳ್ಳಾರಿಯ ಕೋಟೆಗುಡ್ಡ ಅದರ ಪಕ್ಕದಲ್ಲಿ ಹರಳೆಣ್ಣೆ ಸೀಸೆಯಂತೆ ಕಾಣುತ್ತಿತ್ತು. ಆದರೆ ಮಿಲ್ಲಿನಿಂದ ಅಕ್ಕಿಯಾಗಿ ಹೊರಬಿದ್ದ ಚೀಲದ ಮೇಲೆ ಯಾರದೋ ಹೆಸರು, ಯಾವುದೋ ಹಕ್ಕಿಯ ಚಿತ್ರ. “ನನ್ನ ಹೆಸರು ಇರೋ ಒಂದು ವಸ್ತು ಈ ಭೂಮಿ ಮ್ಯಾಲ ಇಲ್ಲ ನೋಡ್ರಿ. ಕರೆಂಟ್ ಬಿಲ್ ಸುದ್ದಾ ನಮ್ಮಪ್ಪನ ಹೆಸರಿಗೆ ಬರತೈತಿ” ಎನ್ನುತ್ತಿದ್ದ.

ಕೆಲಸ ಬಿಟ್ಟು ಬಳ್ಳಾರಿಯ ಸತ್ಯನಾರಾಯಣಪೇಟೆಗೆ ಬಂದು ಮಗನ ಮನೆಯಲ್ಲಿ ಕೂತ ಮೇಲೆ ಆ ಕೊರಗಿಗೆ ಮದ್ದು ಹೊಳೆಯಿತು. ಪುಸ್ತಕ ಬರೆಯುವುದು. ಪುಸ್ತಕದ ಮೇಲೆ ಬರೆದವನ ಹೆಸರು ಇರಲೇಬೇಕಲ್ಲ! ಬರೆಯತೊಡಗಿದ. ಕುರುಗೋಡಿನಲ್ಲಿ ಕಳೆದ ಬಾಲ್ಯ, ಸಿರುಗುಪ್ಪದ ಮಿಲ್ಲುಗಳು, ಭತ್ತದ ತಳಿಗಳು, ಮಿಲ್ಲಿನ ಗೋದಾಮಿನಲ್ಲಿ ಓಡಾಡುತ್ತಿದ್ದ ದೆವ್ವ, ಹೆಂಡತಿ ವೀರಭದ್ರಮ್ಮನ ಕೈಯಡುಗೆ, ಎಲ್ಲವೂ ಬಂತು. ಬರೆದು ಬರೆದು ಬಳ್ಳಾರಿ ಅಂಗಡಿಗಳಲ್ಲಿ ನೀಲಿ ಪೆನ್ನು ಸಿಗದಂತಾಯಿತು. ಮುಗಿದ ಮೇಲೆ ಹೆಸರಿಟ್ಟ: ‘ಹಲ್ಲಿಗೆ ಬಿದ್ದ ಕಾಳು’. ಹಾಳೆಗಳನ್ನೆಲ್ಲ ಒಂದು ತೊಳೆದ ಅಕ್ಕಿ ಚೀಲಕ್ಕೆ ತುಂಬಿ ಬಾಯಿ ಹೊಲಿದ. ಪುಟಕ್ಕೆ ನಂಬರು ಹಾಕಿರಲಿಲ್ಲ. ಕಾಳಿಗೆ ಯಾರಾದರೂ ನಂಬರು ಹಾಕುತ್ತಾರೆಯೇ?

ಬರೆಯುವುದು ಸುಲಭ. ಬರೆದದ್ದು ಪುಸ್ತಕವಾಗುವುದು ಹೇಗೆ ಎಂಬಲ್ಲಿಂದ ಅವನ ತಲೆ ಕೆಡಲು ಶುರುವಾಯಿತು.

ಮೊದಲು ಹೋದದ್ದು ಕಂಟೋನ್ಮೆಂಟಿನಲ್ಲಿದ್ದ ಚನ್ನಬಸವರಾಜ ಮೇಷ್ಟ್ರ ಮನೆಗೆ. ಕಾಲೇಜಿನಲ್ಲಿ ಕನ್ನಡ ಹೇಳಿ ನಿವೃತ್ತರಾದವರು. ಅವರು ಮುನ್ನುಡಿ ಬರೆಯದ ಪುಸ್ತಕ ನಮ್ಮ ಜಿಲ್ಲೆಯಲ್ಲಿ ಟೆಲಿಫೋನ್ ಡೈರೆಕ್ಟರಿ ಒಂದೇ.

“ನೋಡ್ರಿ ಮರಿಬಸಪ್ಪಾರ, ಬರಿಯೋದು ನಿಮ್ಮ ಕೆಲಸ, ಅಚ್ಚು ಹಾಕಿ ಮಾರೋದು ಪ್ರಕಾಶಕರ ಕೆಲಸ. ಖರ್ಚು ಅವರದ. ನಿಮಗ ರಾಯಲ್ಟಿ ಬರತೈತಿ.”

“ರಾಯಲ್ಟಿ ಅಂದ್ರೇನ್ರಿ ಸರ?”

“ಒಂದೊಂದು ಪ್ರತಿ ಮಾರಿದಾಗೂ ನಿಮಗೊಂದು ಪಾಲು.”

ಮರಿಬಸಪ್ಪ ಯೋಚಿಸಿದ. “ಅಂದ್ರ, ನಾನು ಭತ್ತ ಮಾರೀನಿ. ಅದು ಅಕ್ಕಿ ಆಗಿ ಊರ ಬಿಟ್ಟು ಹೋಗೈತಿ. ಹೊಸಪೇಟಿಯಾಗ ಯಾರೋ ಒಬ್ಬಾತ ಉಣ್ಣಾಕ ಕುಂತಾಗೊಮ್ಮೆ ನಮ್ಮನಿಗೆ ಒಂದು ತುತ್ತು ಕಳಿಸ್ತಾನ?”

“ಹೆಚ್ಚು ಕಡಿಮಿ ಹಂಗ.”

“ಇಂಥಾ ಸತ್ಯವಂತರು ಯಾವೂರಾಗ ಅದಾರ್ರಿ?”

ಮೇಷ್ಟ್ರು ಕೆಮ್ಮಿದರು. “ಕೇಳಿ ಪಡಕೋಬೇಕು. ಇನ್ನೊಂದು ಮಾತು. ಅವರಿಗೆ ಕೊಟ್ಟ ಮ್ಯಾಲೂ ಪುಸ್ತಕದ ಹಕ್ಕು ನಿಮ್ಮದ. ಕರಾರಿನಾಗ ಅದನ್ನ ಬರಿಸ್ಕೋರಿ, ಮರೀಬ್ಯಾಡ್ರಿ.”

“ಮಾರಿದ ಮ್ಯಾಲೂ ನಂದ?”

“ನಿಮ್ಮದ.”

“ಮತ್ತ ಅವ್ರು ಏನ್ ತಗಂಡಂಗಾತು?”

ಮೇಷ್ಟ್ರು ಇದನ್ನು ಗಂಟೆಗಟ್ಟಲೆ ವಿವರಿಸಿದರು. ಮರಿಬಸಪ್ಪ ಹೊರಗೆ ಬಂದಾಗ ಅವನಿಗೆ ತನ್ನ ಚಪ್ಪಲಿಯೂ ತನ್ನದೇ ಹೌದೋ ಅಲ್ಲವೋ ಎಂಬ ಅನುಮಾನ ಹುಟ್ಟಿತ್ತು.

ಎರಡನೆಯ ಸಲಹೆ ಕೊಟ್ಟವನು ಶಶಿಕಾಂತ, ದೂರದ ಸಂಬಂಧದ ಅಳಿಯ. ಮದುವೆ ಕಾರ್ಡು, ಬಿಲ್ ಪುಸ್ತಕ, ಫ್ಲೆಕ್ಸ್ ಬೋರ್ಡು ಎಲ್ಲ ಮಾಡುವ ಪ್ರೆಸ್ಸಿನ ಮಾಲೀಕ. “ಮಾವಾ, ಯಾರ ಕೈಕಾಲು ಯಾಕ ಹಿಡೀತೀರಿ? ನೀವ ಪ್ರಕಾಶಕರಾಗ್ರಿ. ಮನಿ ಹೆಸರಿನ್ಯಾಗ ಒಂದು ಪ್ರಕಾಶನ ಅಂತ ಹಾಕೋಣು. ಐಎಸ್‌ಬಿಎನ್ ನಂಬರು ನಾವ ಅರ್ಜಿ ಹಾಕಿ ತರಿಸ್ಕೋಬೋದು. ನಾನು ಅಚ್ಚು ಹಾಕಿ ಕಟ್ಟು ಕಟ್ಟಿ ಕೊಡ್ತೀನಿ.”

“ಮತ್ತ ಮಾರೋರು?”

“ಅದೂ ನೀವ.”

ಇದು ಮರಿಬಸಪ್ಪನಿಗೆ ತಕ್ಷಣ ಅರ್ಥವಾಯಿತು. ನಮ್ಮ ಭತ್ತ ಮಿಲ್ಲಿಗೆ ಒಯ್ದು, ಕೂಲಿ ಕೊಟ್ಟು ಅಕ್ಕಿ ಮಾಡಿಸಿಕೊಂಡು, ತೌಡು ಹೊಟ್ಟಿನ ಸಮೇತ ಮನೆಗೆ ತಂದುಕೊಳ್ಳುವುದು. ಆದರೆ ಆಮೇಲೆ ಅಷ್ಟು ಅಕ್ಕಿಯನ್ನು ಉಣ್ಣುವವರು ಯಾರು ಎಂಬುದು ಅರ್ಥವಾಗಲಿಲ್ಲ.

ಮೂರನೆಯವಳು ಮೊಮ್ಮಗಳು ಐಶ್ವರ್ಯ. ಮಂಚದ ಮೇಲೆ ಬೋರಲು ಮಲಗಿ ಫೋನು ತಿಕ್ಕುತ್ತಲೇ ಹೇಳಿದಳು.

“ತಾತ, ಇದರಾಗ ಏರಿಸಿಬಿಟ್ರಾತು. ಇ-ಬುಕ್ ಆಗತೈತಿ. ಕಾಗದದ್ದ ಬೇಕು ಅನ್ನೋರಿಗೆ, ಅವರು ಕೇಳಿದ ಮ್ಯಾಲ ಒಂದ ಒಂದು ಪ್ರತಿ ಅಚ್ಚು ಹಾಕಿ ಕಳಿಸ್ತಾರ.”

“ಬೀಗರು ಎಲಿ ಮುಂದ ಕುಂತ ಮ್ಯಾಲ ಮಿಲ್ಲು ಚಾಲೂ ಮಾಡ್ತಾರ?”

“ಹೂಂ. ಇನ್ನೊಂದೂ ಐತಿ. ರೊಕ್ಕ ನಾವು ಕೊಡಬೇಕು, ಪುಸ್ತಕ ಅವರು ತರ್ತಾರ. ಬೆಳ್ಳಿ ಪ್ಯಾಕೇಜು, ಬಂಗಾರದ ಪ್ಯಾಕೇಜು ಅಂತ ಅದಾವು.”

ಅಡುಗೆಮನೆಯಿಂದ ವೀರಭದ್ರಮ್ಮನ ದನಿ ಬಂತು. “ಬಂಗಾರದ್ದ ತಗೋರಿ. ಪುಸ್ತಕ ಬರದಿದ್ರ ಕೊರಳಿಗರ ಹಾಕ್ಕಂತೀನಿ.”

ಒಬ್ಬರು ಖರ್ಚು ಪ್ರಕಾಶಕರದು ಎನ್ನುತ್ತಾರೆ, ಒಬ್ಬರು ಖರ್ಚು ನಿನ್ನದು ಎನ್ನುತ್ತಾರೆ, ಒಬ್ಬಳು ಕಾಗದವೇ ಬೇಡ ಎನ್ನುತ್ತಾಳೆ. ಮರಿಬಸಪ್ಪನ ತಲೆ ಗಿರಣಿಯ ಪಟ್ಟಿಯಂತೆ ತಿರುಗಿತು. ಕಡೆಗೆ ಮೇಷ್ಟ್ರ ದಾರಿಯೇ ಮರ್ಯಾದೆಯದು ಎನ್ನಿಸಿ, ಪ್ರಕಾಶಕರ ವಿಳಾಸ ಕೇಳಿದ. ಮೇಷ್ಟ್ರು ಮೂವರದು ಕೊಟ್ಟು, “ಮೊದಲ ಪೂರ್ತಿ ಕಳಿಸಬ್ಯಾಡ್ರಿ. ಒಂದಿಷ್ಟು ಸ್ಯಾಂಪಲ್ ಕಳಿಸ್ರಿ” ಎಂದರು.

ಸ್ಯಾಂಪಲ್! ಅಷ್ಟು ದಿನ ಕತ್ತಲೆಯಲ್ಲಿ ತಡಕಾಡುತ್ತಿದ್ದವನಿಗೆ ಸ್ವಿಚ್ಚು ಕೈಗೆ ಸಿಕ್ಕಂತಾಯಿತು. ಈ ಒಂದು ವಿಷಯದಲ್ಲಿ ಅವನಿಗೆ ಬ್ರಹ್ಮನೂ ಪಾಠ ಹೇಳಬೇಕಿರಲಿಲ್ಲ.

ಮಂಡಿಯಲ್ಲಿ ಸ್ಯಾಂಪಲ್ ತೆಗೆಯುವುದಕ್ಕೆ ಒಂದು ಪದ್ಧತಿಯಿದೆ. ಚೀಲದ ಮೇಲ್ಭಾಗದಿಂದ ಯಾವ ಮರ್ಯಾದಸ್ಥನೂ ತೆಗೆಯುವುದಿಲ್ಲ. ಅಲ್ಲಿ ಒಳ್ಳೆಯ ಕಾಳನ್ನೇ ಹರಡಿರುತ್ತಾರೆ ಎಂದು ಎಲ್ಲರಿಗೂ ಗೊತ್ತು. ಚುಚ್ಚುವುದು ನಡುವಿಗೆ. ಒಬ್ಬ ವ್ಯಾಪಾರಿ ಮೂಸಿ ನೋಡಿದ ಹಿಡಿಯನ್ನು ಇನ್ನೊಬ್ಬನಿಗೆ ತೋರಿಸುವುದಿಲ್ಲ, ಅದು ಅವಮಾನ. ಪ್ರತಿಯೊಬ್ಬನಿಗೂ ಬೇರೆ ಹಿಡಿ. ಮತ್ತು ಕೊಟ್ಟ ಸ್ಯಾಂಪಲನ್ನು ವಾಪಸು ಕೇಳುವುದಿಲ್ಲ. ಒಂದು ಹಿಡಿ ಹೋದರೆ ಚೀಲಕ್ಕೇನು ಕಡಿಮೆಯಾದೀತು?

ಮರಿಬಸಪ್ಪ ಚೀಲದ ಹೊಲಿಗೆ ಬಿಚ್ಚಿದ. ಕಣ್ಣು ಮುಚ್ಚಿ ನಡುವಿಗೆ ಕೈ ಹಾಕಿ ಒಂದು ಹಿಡಿ ಹಾಳೆ ಎಳೆದ. ನೋಡದೆ ಲಕೋಟೆಗೆ ತುರುಕಿದ, ನೋಡಿದರೆ ಮೋಸವಾಗುತ್ತದಲ್ಲ. ಇನ್ನೊಮ್ಮೆ ಎಳೆದ, ಮತ್ತೊಮ್ಮೆ ಎಳೆದ. ಮೂರು ಊರಿಗೆ ಮೂರು ಹಿಡಿ ರವಾನೆಯಾಯಿತು. ಜೆರಾಕ್ಸ್ ಮಾಡಿಸಿರಲಿಲ್ಲ. ಜೆರಾಕ್ಸ್ ಮಾಡಿದ ಭತ್ತವನ್ನು ಯಾರು ಕೊಂಡಾರು?

ಐಶ್ವರ್ಯ ಸಂಜೆ ಇದನ್ನು ಕೇಳಿ ಫೋನು ಕೆಳಗಿಟ್ಟಳು. ಹುಟ್ಟಿದಾಗಿನಿಂದ ಅವಳು ಫೋನು ಕೆಳಗಿಟ್ಟದ್ದು ಅದೇ ಮೊದಲು. “ತಾತ, ಅಸಲು ಹಾಳಿನ ಕಳಿಸಿಬಿಟ್ರಿ? ಈಗ ಪುಸ್ತಕದಾಗ ಮೂರು ತೂತು ಬಿದ್ವಲ್ಲ!”

“ತೂತು ಹೆಂಗ ಬೀಳ್ತಾವಬೇ? ಕುಲುಕಿದ್ರ ಕೂಡ್ಕಂತೈತಿ” ಎಂದು ಮರಿಬಸಪ್ಪ ಚೀಲ ಕುಲುಕಿದ. ಕೂಡಿಕೊಳ್ಳಲಿಲ್ಲ. ಕುರುಗೋಡಿನಲ್ಲಿ ಅಂಬೆಗಾಲಿಡುತ್ತಿದ್ದ ಮಗು ಮುಂದಿನ ಹಾಳೆಯಲ್ಲಿ ಬೀಗರ ಮನೆಯಲ್ಲಿ ಹೆಣ್ಣು ನೋಡುತ್ತಿತ್ತು.

ಉತ್ತರಗಳು ಬಂದವು. ಆಶ್ಚರ್ಯ ಏನೆಂದರೆ, ಮೂವರೂ ಒಪ್ಪಿದ್ದರು. ಇನ್ನೂ ದೊಡ್ಡ ಆಶ್ಚರ್ಯ ಏನೆಂದರೆ, ಮೂವರೂ ಒಪ್ಪಿದ್ದು ಮೂರು ಬೇರೆ ಬೇರೆ ಪುಸ್ತಕಗಳನ್ನು.

ಒಂದು ಫೋನು ಚಿತ್ರದುರ್ಗದ ಕಡೆಯ ತಿಪ್ಪೇಸ್ವಾಮಿ ಎಂಬವರದು. ಅವರ ಹಿಡಿಗೆ ಗೋದಾಮಿನ ದೆವ್ವ ಸಿಕ್ಕಿತ್ತು. “ಭಯಂಕರವಾಗಿದೆ ಸ್ವಾಮಿ! ನಮ್ಮ ಮಾಲೆಯಲ್ಲಿ ಹಾಕೋಣ. ಹೆಸರು ಮಾತ್ರ ನಿಮ್ಮದಿರಲ್ಲ. ನಮ್ಮ ದೆವ್ವದ ಪುಸ್ತಕ ಎಲ್ಲಾ ಒಂದೇ ಹೆಸರಲ್ಲಿ ಬರೋದು. ಓದೋರಿಗೆ ರೂಢಿಯಾಗಿದೆ.”

ಎರಡನೆಯದು ಕೃಷಿ ಕೈಪಿಡಿ ತರುವ ಸಂಸ್ಥೆಯ ಕಾಗದ. ಅವರಿಗೆ ಭತ್ತದ ತಳಿಗಳು ಹೋಗಿದ್ದವು. ಪ್ರಕಟಿಸಲು ಸಂತೋಷ, ಆದರೆ ಕೈಪಿಡಿಯ ಮೇಲೆ ವ್ಯಕ್ತಿಗಳ ಹೆಸರು ಹಾಕುವ ಪದ್ಧತಿಯಿಲ್ಲ, ‘ತಜ್ಞರ ಸಮಿತಿ’ ಎಂದಿರುತ್ತದೆ ಎಂದು ಬರೆದಿದ್ದರು.

“ಸಮಿತಿಯಾಗ ಯಾರ್ಯಾರು ಅದಾರಂತ?” ಎಂದಳು ವೀರಭದ್ರಮ್ಮ.

“ನಾನೊಬ್ನ.”

ಮೂರನೆಯದು ಬೆಂಗಳೂರಿನಿಂದ, ರಾಧಾ ಎಂಬ ಪ್ರಕಾಶಕಿಯದು. ಹಿತವಾದ ದನಿ. “ಆ ಮಂಡಾಳ ಒಗ್ಗರಣೆ, ಅದೇ ನಮ್ಮ ಕಡೆ ಪುರಿ ಅಂತೀವಲ್ಲ, ಮಿರ್ಚಿ, ಗುರೆಳ್ಳು ಚಟ್ನಿ ಓದ್ತಾ ಓದ್ತಾ ಬಾಯಲ್ಲಿ ನೀರು ಬಂತು ಸಾರ್. ಅಡುಗೆ ಪುಸ್ತಕ ಮಾಡೋಣ. ಆದರೆ ಅಡುಗೆಗೆ ಹೆಂಗಸರ ಹೆಸರಿದ್ರೆ ಜನ ನಂಬ್ತಾರೆ. ನಿಮ್ಮ ಮನೆಯವರ ಹೆಸರು ಹಾಕಬಹುದಾ?”

ಒಬ್ಬರು ಮರಿಬಸಪ್ಪನನ್ನು ದೆವ್ವಕ್ಕೆ ಕೊಟ್ಟರು, ಒಬ್ಬರು ಸಮಿತಿಗೆ ಕೊಟ್ಟರು, ಒಬ್ಬರು ಹೆಂಡತಿಗೇ ಕೊಟ್ಟರು. ಅಷ್ಟು ದೊಡ್ಡ ಚೀಲದಲ್ಲಿ ಮರಿಬಸಪ್ಪ ಎಂಬವನಿಗೆ ಕೂರಲು ಜಾಗವಿಲ್ಲ. ಫೋನು ಹಿಡಿದ ಕೈ ಸುಮ್ಮನೆ ಕೆಳಗಿಳಿಯಿತು. ವೀರಭದ್ರಮ್ಮ ಅವನ ಮುಖ ನೋಡಿ, ಸೆರಗಿಗೆ ಕೈ ಒರೆಸಿಕೊಂಡು, ಫೋನು ಕಸಿದುಕೊಂಡಳು.

“ಏನವ್ವಾ, ಒಗ್ಗರಣಿ ಹಾಕಿದಾಕಿ ನಾನು ಖರೆ. ಅದನ್ನ ತಿಂದು, ರುಚಿ ನೋಡಿ, ಕುಂತು ಬರದೋರು ಇವರು. ನನ್ನ ಹೆಸರು ಹಾಕಿದ್ರ ನಾಳಿ ನಾನು ಬರೀಬೇಕಾಕ್ಕೈತಿ, ಇವರು ಒಗ್ಗರಣಿ ಹಾಕಬೇಕಾಕ್ಕೈತಿ. ಇವರ ಒಗ್ಗರಣಿ ನೀ ತಿಂದಿಲ್ಲ. ಇವರ ಹೆಸರು ಹಾಕೋದಿದ್ರ ಹಾಕು, ಇಲ್ಲಾಂದ್ರ ಹಾಳಿ ವಾಪಸ್ ಕಳಸಿಬಿಡು ತಾಯಿ.”

ಆ ಕಡೆ ರಾಧಾ ನಗುತ್ತಿದ್ದುದು ಈ ಕಡೆಗೂ ಕೇಳಿತು. ವೀರಭದ್ರಮ್ಮನ ಬಾಯಿಂದ ಸ್ಯಾಂಪಲ್ಲಿನ ಕಥೆ ಕೇಳಿದ ಮೇಲಂತೂ ಆಕೆ ಉಸಿರು ತೆಗೆದುಕೊಳ್ಳಲು ಕಷ್ಟಪಟ್ಟಳು. ಕಡೆಗೆ ಒಳ್ಳೆಯ ಮಾತನ್ನೇ ಹೇಳಿದಳು. ಪ್ರಕಾಶಕರಿಗೆ ಕಳಿಸುವುದು ಪುಸ್ತಕದ ಮೊದಲ ಭಾಗ, ಜೊತೆಗೆ ಇಡೀ ಪುಸ್ತಕ ಏನು ಎಂದು ಒಂದು ಪುಟದ ಸಾರಾಂಶ. ಕಳಿಸುವುದು ನಕಲು, ಅಸಲು ಎಂದೂ ಅಲ್ಲ. ಹಾಳೆಗಳನ್ನು ವಾಪಸು ಕಳಿಸುತ್ತೇನೆ, ಪುಟಕ್ಕೆ ನಂಬರು ಹಾಕಿ ಪೂರ್ತಿ ಟೈಪು ಮಾಡಿಸಿ ಕಳಿಸಿ, ಆಗ ಲೇಖಕರು ನೀವೇ. ಆದರೆ ನಮ್ಮಲ್ಲಿ ಸಾಲು ದೊಡ್ಡದಿದೆ, ಓದಿ ತೀರ್ಮಾನ ಹೇಳಲು ಒಂದು ವರ್ಷ, ಆಮೇಲೆ ಅಚ್ಚಿಗೆ ಇನ್ನೊಂದು ವರ್ಷ. ಅರ್ಧದಷ್ಟು ತೆಗೆಯಬೇಕಾಗಬಹುದು.

“ಯಾವ ಅರ್ಧ?” ಎಂದ ಮರಿಬಸಪ್ಪ, ಫೋನಿನ ಹತ್ತಿರ ಬಾಯಿ ತಂದು.

“ಅದು ಓದಿದ ಮೇಲೆ ಗೊತ್ತಾಗತ್ತೆ.”

ಅಂದು ಊಟಕ್ಕೆ ಕೂತಾಗ ಅವನು ಅನ್ನ ಕಲಸುತ್ತಲೇ ಇದ್ದ. “ನಂಗೇನೂ ತಿಳಿವಲ್ದು. ಆಯಮ್ಮ ಒಳ್ಳೆಕಿನ. ನಾಲ್ಕೂರಿಗೆ ಪುಸ್ತಕ ಹೋಗತೈತಿ. ಆದ್ರ ಎರಡು ವರ್ಷ, ಅರ್ಧ ಚೀಲ. ಶಶಿ ತಗ ಹೋದ್ರ ಪೂರ್ತಿ ಚೀಲ, ಈಗಿಂದೀಗ. ಆದ್ರ ಮನಿಯಾಗ ಬೀಳ್ತೈತಿ. ಪುಸ್ತಕ ಅಂದ್ರ ಯಾವುದು ಇದರಾಗ?”

“ನಿಮಗ ಏನ್ ಬೇಕಾಗಿತ್ತು ಮೊದ್ಲ?” ಎಂದಳು ವೀರಭದ್ರಮ್ಮ.

“ನನ್ನ ಹೆಸರು ಮ್ಯಾಲಿರಬೇಕು. ಒಳಗ ನಾ ಬರದಿದ್ದೆಲ್ಲಾ ಇರಬೇಕು.”

“ಹಂಗಾದ್ರ ಅನ್ನ ಉಣ್ರಿ. ನಾಳಿ ಶಶಿ ತಗ ಹೋಗ್ರಿ.”

ರಾಧಾ ಮಾತಿನಂತೆ ಅಡುಗೆಯ ಹಾಳೆಗಳು ಬಂದವು. ಕೃಷಿಯವರೂ ಕಳಿಸಿದರು. ತಿಪ್ಪೇಸ್ವಾಮಿಯವರ ಕಡೆಯಿಂದ ಮಾತ್ರ ದೆವ್ವ ಮರಳಿ ಬರಲಿಲ್ಲ. ಕೇಳಿದರೆ ಹುಡುಕುತ್ತಿದ್ದೇವೆ ಎಂದರು. ದೆವ್ವವನ್ನು ಹೊಸದಾಗಿ ಬರೆಯಬೇಕಾಯಿತು. ಮರಿಬಸಪ್ಪ ಎರಡು ಸಾಲು ಬರೆದು ನಿಂತ. ಹಿಂದೆ ಬಂದ ಭಯ ಎರಡನೆಯ ಸಲ ಬರಲೊಲ್ಲದು. ಆಗ ವೀರಭದ್ರಮ್ಮ ಪಕ್ಕದಲ್ಲಿ ಕೂತು ಹೇಳಿದಳು. ಆಕೆಯ ಪ್ರಕಾರ ಗೋದಾಮಿನಲ್ಲಿ ಬೆಳ್ಳಗೆ ಓಡಾಡುತ್ತಿದ್ದದ್ದು ದೆವ್ವವೇ ಅಲ್ಲ. ರಾತ್ರಿ ಅಲ್ಲಿ ಚೀಲ ನೋಡಲು ಹೋಗಿ, ಮೈತುಂಬ ತೌಡಿನ ಪುಡಿ ಮೆತ್ತಿಕೊಂಡು ಮನೆಗೆ ಬರುತ್ತಿದ್ದ ಸ್ವತಃ ಮರಿಬಸಪ್ಪನೇ. “ಮದಿವಿ ಆದ ಹೊಸದಾಗ ನಾನ ಎರಡು ಸಲ ಚೀರೀನಿ. ಇಡೀ ಓಣಿ ಎದ್ದಿತ್ತು. ಬರೀರಿ, ಇದ್ದಂಗ ಬರೀರಿ.” ಅವನು ಬರೆದ. ತನ್ನನ್ನು ಕಂಡು ತಾನೇ ಹೆದರಿಕೊಂಡು ಅಷ್ಟು ವರ್ಷ ಬದುಕಿದೆನೇ ಎಂಬ ಗೊಂದಲ ಬೇರೆ ಸೇರಿಕೊಂಡಿತು.

ಶಶಿಕಾಂತ ಟೈಪು ಮಾಡಿಸಿದ, ಪುಟ ಕಟ್ಟಿಸಿದ. ಒಳಗಿನದೆಲ್ಲ ಸರಿಯಾಯಿತು. ಮೇಷ್ಟ್ರು ಕೇಳುವ ಮೊದಲೇ ಮುನ್ನುಡಿ ಕೊಟ್ಟರು. ಆಮೇಲೆ ಒಂದು ದಿನ ರಕ್ಷಾಪುಟದ ಮಾದರಿ ಐಶ್ವರ್ಯಳ ಫೋನಿಗೆ ಬಂತು. ತಾತ ಮೊಮ್ಮಗಳು ಇಬ್ಬರೂ ಬಗ್ಗಿ ನೋಡಿದರು.

ಶಶಿಕಾಂತ ಕೆಲಸ ಕಲಿತದ್ದು ಫ್ಲೆಕ್ಸ್ ಬೋರ್ಡಿನಲ್ಲಿ. ಬಳ್ಳಾರಿಯ ಸರ್ಕಲ್ಲುಗಳಲ್ಲಿ ನಿಂತಿರುವ ಬೋರ್ಡುಗಳಲ್ಲಿ ಅರ್ಧಕ್ಕರ್ಧ ಅವನವೇ. ಹಾಗಾಗಿ ಪುಸ್ತಕದ ಮುಖದ ಮೇಲೂ ಬಂಧುಬಳಗದ ಮುಖಗಳನ್ನು ದುಂಡನೆಯ ಚೌಕಟ್ಟಿನಲ್ಲಿ ಸಾಲಾಗಿ ಕೂರಿಸಿದ್ದ. ಕುರುಗೋಡಿನ ದಾಯಾದಿ ದೊಡ್ಡಬಸವರಾಜ ಕಪ್ಪು ಕನ್ನಡಕ ಹಾಕಿ ಕೈಮುಗಿದಿದ್ದ. ಮಗ, ಸೊಸೆ, ಅವರ ಕಡೆಯ ಬೀಗರು, ಬೀಗರ ಕಡೆಯ ಬೀಗರು, ಇನ್ನೂ ಹಲ್ಲು ಬಾರದ ಒಂದು ಕೂಸು, ಎಲ್ಲರೂ ಇದ್ದರು. ಕೆಳಗೆ ‘ಶುಭ ಕೋರುವವರು’ ಎಂದು ಹೆಸರುಗಳ ದಂಡು. ಮೇಲೆ ಒಂದು ಕಡೆ ನವಿಲು, ಇನ್ನೊಂದು ಕಡೆ ಉದಯಿಸುವ ಸೂರ್ಯ. ಭೂತಗನ್ನಡಿ ಹಿಡಿದು ಹುಡುಕಿದರೆ ಸೂರ್ಯನ ಕೆಳಗೆ, ಬೀಗರ ಪೇಟದ ಹಿಂದೆ, ‘ಮರಿಬಸಪ್ಪ’ ಎಂದಿತ್ತು. ‘ಮರಿ’ ಕಾಣುತ್ತಿತ್ತು. ‘ಬಸಪ್ಪ’ ಪೇಟದ ಅಡಿಯಲ್ಲಿದ್ದ.

ಮರಿಬಸಪ್ಪ ಅಷ್ಟು ಸಿಟ್ಟಾದದ್ದನ್ನು ನಾವು ಯಾರೂ ನೋಡಿರಲಿಲ್ಲ. ಫೋನಿನಲ್ಲಿ ಶಶಿಕಾಂತನ ಮೇಲೆ ಎರಗಿದ ಅವನ ದನಿಗೆ ಸಂಗನಕಲ್ಲಿನ ಗುಡ್ಡದ ಮೇಲೆ ಮೇಯುತ್ತಿದ್ದ ಆಡುಗಳು ಕಿವಿ ನಿಮಿರಿಸಿದವಂತೆ.

“ಲೇ ಶಶಿ! ಪುಸ್ತಕ ಬರದೋನು ನಾನೋ, ನಮ್ಮ ಬೀಗರ ಬೀಗರೋ?”

“ಮಾವಾ, ಫೋಟೋ ಹಾಕದಿದ್ರ ಮಂದಿ ಸಿಟ್ಟಾಗ್ತಾರ. ನಾಳಿ ಪುಸ್ತಕ ತಗಳೋರು ಅವರ ಅಲ್ಲೇನು?”

“ತಗಳದಿದ್ರ ಬಿಡ್ಲಿ! ತೆಗಿ. ಎಲ್ಲಾ ತೆಗಿ.”

“ನವಿಲರ ಇರ್ಲಿ ಮಾವಾ, ಚಂದೈತಿ.”

“ತೆಗಿ ಅಂದ್ನೆಲ್ಲ! ಸೂರ್ಯ ತೆಗಿ, ನವಿಲು ತೆಗಿ, ಕೂಸು ತೆಗಿ. ನನ್ನ ಹೆಸರೊಂದು ಬಿಟ್ಟು ಏನೂ ಇರಬಾರ್ದು. ದೊಡ್ಡದಾಗಿ ಹಾಕು. ಕುರುಗೋಡಿನಾಗ ನಿಂತ್ರ ಸಿರುಗುಪ್ಪದೋರಿಗೆ ಕಾಣಬೇಕು. ಇನ್ನ ನಂಗ ತೋರಿಸಾಕ ಬರಬ್ಯಾಡ, ನೇರ ಅಚ್ಚಿಗೆ ಹಾಕು.”

ಶಶಿಕಾಂತ ಹಾಗೆಯೇ ಮಾಡಿದ. ಹಿರಿಯರ ಮಾತನ್ನು ಒಂದಕ್ಷರ ಮೀರದ ಹುಡುಗ.

ಪುಸ್ತಕದ ಕಟ್ಟುಗಳು ನೇರವಾಗಿ ಸಿರುಗುಪ್ಪದ ಹಳೆಯ ದಲಾಲಿ ಅಂಗಡಿಗೇ ಹೋದವು. ಬಿಡುಗಡೆ ಅಲ್ಲಿಯೇ ಆಗಬೇಕೆಂದು ಮರಿಬಸಪ್ಪನ ಹಟ. ಮೇಷ್ಟ್ರು ಬಂದಿದ್ದರು, ಅಂಗಡಿಯವರೆಲ್ಲ ಬಂದಿದ್ದರು. ಫೋಟೋ ತೆಗೆಸಿಹಾಕಿದ ಸಿಟ್ಟಿಗೆ ದೊಡ್ಡಬಸವರಾಜ ಬರಲಿಲ್ಲ. ವೀರಭದ್ರಮ್ಮ ಮನೆಯಿಂದಲೇ ಮಿರ್ಚಿ ಮಾಡಿ ತಂದಿದ್ದಳು. ಮೊದಲ ಕಟ್ಟು ಬಿಚ್ಚಿದರು.

ಬಿಳಿ ರಕ್ಷಾಪುಟ. ಅದರ ಮೇಲೆ ಈ ಅಂಚಿನಿಂದ ಆ ಅಂಚಿನವರೆಗೆ, ಬಸ್ಸಿನ ಬೋರ್ಡಿನಷ್ಟು ದಪ್ಪ ಅಕ್ಷರದಲ್ಲಿ, ಮರಿಬಸಪ್ಪ.

ಅವನು ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಲೇ ಇದ್ದ. ಕಣ್ಣು ಒರೆಸಿಕೊಂಡ. ತಿರುವಿ ಬೆನ್ನು ನೋಡಿದ, ಅಲ್ಲಿಯೂ ಅವನೇ. ಮತ್ತೆ ಮುಂದೆ ನೋಡಿದ. ಆಮೇಲೆ ನಿಧಾನಕ್ಕೆ ಅವನ ಹುಬ್ಬು ಗಂಟಾಯಿತು.

“ಶಶಿ… ಪುಸ್ತಕದ ಹೆಸರೆಲ್ಲಿ?”

“ತೆಗದೀನಿ ಮಾವಾ. ನಿಮ್ಮ ಹೆಸರೊಂದು ಬಿಟ್ಟು ಏನೂ ಇರಬಾರ್ದು ಅಂದ್ರಲ್ಲ.”

ಅಷ್ಟೂ ಪ್ರತಿಗಳು ಹಾಗೆಯೇ ಇದ್ದವು. ಚನ್ನಬಸವರಾಜ ಮೇಷ್ಟ್ರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, “ಇದೊಂದು ಹೊಸ ನಮೂನಿ ಐತಿ. ಇಲ್ಲೀತನ ಯಾರೂ ಮಾಡಿಲ್ಲ” ಎಂದರು. ಅದು ಹೊಗಳಿಕೆಯೋ ಏನೋ ಅವರ ಮುಖದಿಂದ ತಿಳಿಯಲಿಲ್ಲ.

ಅಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಹಮಾಲಿ ಎರ್ರಣ್ಣ, ಮಿರ್ಚಿ ಹಿಡಿದ ಕೈಯನ್ನು ದೂರ ಹಿಡಿದು, ಇನ್ನೊಂದು ಕೈ ಚಾಚಿದ. “ನಂಗೊಂದು ಮರಿಬಸಪ್ಪ ಕೊಡ್ರಿ. ನಮ್ಮ ಹುಡುಗ ಹನುಮೇಶಿ ಕೈಲಿ ಓದಿಸ್ತೀನಿ.”

ಪಕ್ಕದ ಅಂಗಡಿಯ ಪಾಲಯ್ಯ, “ಹಂಗಾದ್ರ ನಂಗೂ ಒಂದು ಮರಿಬಸಪ್ಪ ಇರ್ಲಿ” ಎಂದ. ಅವನ ಹಿಂದೆ ಇನ್ನೊಬ್ಬ. ಕೇಳುವ ಗದ್ದಲದಲ್ಲಿ ಬಿಡುಗಡೆಯ ಭಾಷಣ ಮಾಡಲು ಮೇಷ್ಟ್ರಿಗೆ ಜಾಗ ಸಿಗಲಿಲ್ಲ.

ಮರಿಬಸಪ್ಪ ಅವರ ಕಿವಿಯ ಬಳಿ ಬಗ್ಗಿದ. “ಸರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಬರದೋನು ನಾನು, ಅಚ್ಚು ಹಾಕಿಸಿದೋನು ನಾನು, ಮಾರೋನು ನಾನು, ಮ್ಯಾಲ ಇರೋದೂ ನಾನು. ಈಗ ನಾನು ಲೇಖಕನೋ, ಪ್ರಕಾಶಕನೋ, ಪುಸ್ತಕನೋ?”

ಮೇಷ್ಟ್ರು ಉತ್ತರಿಸಲು ಬಾಯಿ ತೆರೆದರು. ಉತ್ತರ ಹೊರಬೀಳುವ ಮುಂಚೆಯೇ ಹೊರಗಿನಿಂದ ಯಾರೋ ಕೂಗಿದರು, “ಇನ್ನೊಂದು ಮರಿಬಸಪ್ಪ ಐತೇನ್ರಿ ಒಳಗ?”

“ಐತಿ, ಐತಿ, ಬರ್ರಿ” ಎನ್ನುತ್ತ ಅವನು ಎರಡನೆಯ ಕಟ್ಟಿನ ದಾರ ಬಿಚ್ಚತೊಡಗಿದ.